ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಣನ ತಂತ್ರಾಂಶದ ಮೊದಲ ಪಾಠಗಳು: ಒಬ್ಬ ಲೆಕ್ಕಪರಿಶೋಧಕನ ದೃಷ್ಟಿಯಲ್ಲಿ

ಜುಲೈ ತಿಂಗಳು ಲೆಕ್ಕಪರಿಶೋಧಕರ ಪಾಲಿಗೆ ಬಿಡುವಿಲ್ಲದ ತಿಂಗಳು. ಆದಾಯ ತೆರಿಗೆ ವಿವರ ಸಲ್ಲಿಸುವ ಗಡಿಬಿಡಿಯಲ್ಲಿ ಅನ್ಯ ವಿಷಯಗಳಿಗೆ ಮನಸ್ಸು ಕೊಡುವುದು ದುಸ್ಸಾಧ್ಯ. ಅಂತಹ ಒಂದು ಸಂಜೆ ಹಾನಗಲ್ಲ ತಾಲ್ಲೂಕಿನ ಆಡೂರಿನಿಂದ ನನ್ನ ಕಕ್ಷಿದಾರರೊಬ್ಬರು ತಮ್ಮ ಲೆಕ್ಕದ ಪುಸ್ತಕಗಳೊಂದಿಗೆ ಕಚೇರಿಗೆ ಬಂದರು. ಅವರದು ಕಾಳುಕಡಿಯ ಸಣ್ಣ ವ್ಯಾಪಾರ. ಜೊತೆಯಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದ ಮಗಳೂ ಇದ್ದಳು. ತಂದೆ ಪುಸ್ತಕ ತೆರೆಯುವ ಮೊದಲೇ, "ಸಾಹೇಬರೇ, ಇವಳಿಗೆ ಕಂಪ್ಯೂಟರ್ ಲೆಕ್ಕದ ವಿಷಯದಲ್ಲಿ ಅನುತ್ತೀರ್ಣವಾಗಿದೆ. ಕಾಲೇಜು ಬಿಡುತ್ತೇನೆ ಎನ್ನುತ್ತಾಳೆ. ನೀವಾದರೂ ಬುದ್ಧಿ ಹೇಳಿ" ಎಂದರು.

ನಾನು ವಾಣಿಜ್ಯ ಪದವೀಧರ. ಇಂಜಿನಿಯರಿಂಗ್ ಗಣಿತದ ಗಂಧ ನನಗಿಲ್ಲ. ಆದರೂ ಆಕೆ ತನ್ನ ಲ್ಯಾಪ್‌ಟಾಪ್ ತೆರೆದು, ಪರದೆಯ ಮೇಲೆ ಕೆಂಪಕ್ಷರದಲ್ಲಿ ಮೂಡಿದ್ದ ದೋಷದ ಸೂಚನೆಯನ್ನು ತೋರಿಸಿದಾಗ ಕುತೂಹಲ ಮೂಡಿತು. ಮೂರು ಸಂಖ್ಯೆಗಳ ಒಂದು ಸಾಲನ್ನು ಮೂರು ಸಂಖ್ಯೆಗಳ ಇನ್ನೊಂದು ಸಾಲಿನಿಂದ ಗುಣಿಸಲು ಆಕೆ ಆಜ್ಞೆ ನೀಡಿದ್ದಳು. ಯಂತ್ರ ನಿರಾಕರಿಸಿತ್ತು. "ಗುಣಿಸುವುದೂ ಬರದ ಕಂಪ್ಯೂಟರ್" ಎಂದು ಆಕೆಯ ದೂರು. ಅದೇ ಮೇಜಿನ ಮೇಲೆ ಆಕೆಯ ತಂದೆಯ ಮಾರಾಟದ ಬಿಲ್ಲುಗಳಿದ್ದವು. ಆಕೆಯ ಪ್ರಶ್ನೆಗೆ ಉತ್ತರ ಆ ಬಿಲ್ಲಿನಲ್ಲಿಯೇ ಇದೆ ಎಂದು ನನಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಸಂಜೆಯಿಂದ ಆರಂಭವಾಗಿ ನಾಲ್ಕಾರು ಭಾನುವಾರಗಳವರೆಗೆ ನಡೆದ ಕಲಿಕೆಯ ಸಾರವನ್ನು ನಮ್ಮ ಸದಸ್ಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮಲ್ಲಿ ಅನೇಕರ ಮಕ್ಕಳು ಇಂದು ಇಂಜಿನಿಯರಿಂಗ್ ಕಾಲೇಜುಗಳಲ್ಲಿದ್ದಾರೆ. ಅವರ ಸಂಕಷ್ಟ ಇದಕ್ಕಿಂತ ಬೇರೆಯಾಗಿರಲಾರದು.

ಗಣನ ತಂತ್ರಾಂಶವೆಂದರೇನು?

ಸಂಖ್ಯೆಗಳ ಲೆಕ್ಕಾಚಾರಕ್ಕೆಂದೇ ರೂಪುಗೊಂಡ ತಂತ್ರಾಂಶಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಮ್ಯಾಟ್‌ಲ್ಯಾಬ್. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ಲೀವ್ ಮೋಲರ್ ಅವರು 1970ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಆಗ ಮಾತೃಕೆಗಳ ಲೆಕ್ಕ ಮಾಡಬೇಕಾದರೆ ಫೋರ್ಟ್ರಾನ್ ಭಾಷೆಯಲ್ಲಿ ಉದ್ದನೆಯ ಕ್ರಮವಿಧಿ ಬರೆಯಬೇಕಾಗಿತ್ತು. ತಮ್ಮ ವಿದ್ಯಾರ್ಥಿಗಳಿಗೆ ಆ ಶ್ರಮ ತಪ್ಪಬೇಕೆಂಬುದೇ ಮೋಲರ್ ಅವರ ಉದ್ದೇಶವಾಗಿತ್ತು. ಹೆಸರಿನ ಅರ್ಥವೂ ಮಾತೃಕೆಗಳ ಪ್ರಯೋಗಾಲಯ ಎಂದೇ. 1984ರಲ್ಲಿ ಮ್ಯಾತ್‌ವರ್ಕ್ಸ್ ಸಂಸ್ಥೆ ಸ್ಥಾಪನೆಯಾಗಿ ಅದು ವಾಣಿಜ್ಯ ಉತ್ಪನ್ನವಾಯಿತು. ಬೋಧನೆಗಾಗಿ ಹುಟ್ಟಿದ ಸಾಧನವೊಂದು ಇಂದು ವಾಹನ, ವಿಮಾನ, ವಿದ್ಯುತ್ ಮತ್ತು ಹಣಕಾಸು ಕ್ಷೇತ್ರಗಳಲ್ಲಿ ಬಳಕೆಯಲ್ಲಿದೆ.

ಇದಕ್ಕೆ ಉಚಿತವಾದ ಎರಡು ಪರ್ಯಾಯಗಳಿವೆ. ಮೊದಲನೆಯದು ಆಕ್ಟೇವ್. ಜಾನ್ ಈಟನ್ ಎಂಬವರು 1992ರಲ್ಲಿ ಇದರ ರಚನೆ ಆರಂಭಿಸಿದರು. ರಾಸಾಯನಿಕ ಇಂಜಿನಿಯರಿಂಗ್ ಪಠ್ಯಪುಸ್ತಕವೊಂದಕ್ಕೆ ಪೂರಕ ಸಾಧನವಾಗಿ ಹುಟ್ಟಿದ ಇದಕ್ಕೆ, ಲಕೋಟೆಯ ಹಿಂಬದಿಯಲ್ಲೇ ಲೆಕ್ಕ ಮಾಡಿ ಉತ್ತರ ಹೇಳುವುದರಲ್ಲಿ ಹೆಸರಾಗಿದ್ದ ಪ್ರಾಧ್ಯಾಪಕ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರನ್ನಿಡಲಾಯಿತು. ಎರಡನೆಯದು ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ಸೈಲ್ಯಾಬ್. ಆಕ್ಟೇವ್‌ನ ಭಾಷೆ ಬಹುಮಟ್ಟಿಗೆ ಮ್ಯಾಟ್‌ಲ್ಯಾಬ್‌ನದೇ. ಸೈಲ್ಯಾಬ್‌ನಲ್ಲಿ ಸ್ವಲ್ಪ ಭೇದಗಳಿವೆ. ಉದಾಹರಣೆಗೆ, ಟಿಪ್ಪಣಿಯ ಸಾಲನ್ನು ಮ್ಯಾಟ್‌ಲ್ಯಾಬ್‌ನಲ್ಲಿ ಶೇಕಡಾ ಚಿಹ್ನೆಯಿಂದ ಆರಂಭಿಸಿದರೆ, ಸೈಲ್ಯಾಬ್‌ನಲ್ಲಿ ಎರಡು ಓರೆಗೆರೆಗಳಿಂದ ಆರಂಭಿಸಬೇಕು. ಒಂದನ್ನು ಕಲಿತವರಿಗೆ ಇನ್ನೊಂದು ಕಷ್ಟವಾಗದು.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಗಣಿತಕ್ಕೇ ಪ್ರಯೋಗಾಲಯದ ಭಾಗವನ್ನು ಸೇರಿಸಿ, ಮ್ಯಾಟ್‌ಲ್ಯಾಬ್, ಪೈಥಾನ್, ಸೈಲ್ಯಾಬ್ ಮುಂತಾದವನ್ನು ಸೂಚಿಸಿತು. ಆದ್ದರಿಂದ ಇದು ಕಂಪ್ಯೂಟರ್ ಶಾಖೆಯವರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿದ್ಯಾರ್ಥಿಗಳೂ ಇದನ್ನು ಕಲಿಯಲೇಬೇಕು.

ಮೊದಲ ಪಾಠ: ಎರಡು ಬಗೆಯ ಗುಣಾಕಾರ

ಕಿರಾಣಿ ಬಿಲ್ಲೊಂದನ್ನು ತೆಗೆದುಕೊಳ್ಳೋಣ. ಅಕ್ಕಿ 20 ಚೀಲ, ಸಕ್ಕರೆ 8 ಚೀಲ, ಕಡಲೆ 5 ಚೀಲ. ಚೀಲಕ್ಕೆ ದರ ಕ್ರಮವಾಗಿ 1,300, 2,000 ಮತ್ತು 3,600 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ಗುಮಾಸ್ತನಿಗೆ "ಪ್ರಮಾಣವನ್ನು ದರದಿಂದ ಗುಣಿಸು" ಎಂದರೆ ಅವನು ಮಾಡುವುದೇನು? ಪ್ರತಿ ಬಾಬಿಗೂ ಪ್ರತ್ಯೇಕವಾಗಿ ಗುಣಿಸಿ 26,000, 16,000, 18,000 ಎಂದು ಮೂರು ಮೊತ್ತ ಬರೆಯುತ್ತಾನೆ. ಗಣನ ತಂತ್ರಾಂಶದಲ್ಲಿ ಇದಕ್ಕೆ ಗುಣಾಕಾರ ಚಿಹ್ನೆಯ ಹಿಂದೆ ಒಂದು ಚುಕ್ಕೆ ಇಡಬೇಕು. ಇದು ಬಾಬುವಾರು ಗುಣಾಕಾರ.

ಚುಕ್ಕೆಯಿಲ್ಲದ ಗುಣಾಕಾರ ಬೇರೆಯೇ. ಅದು ಮಾತೃಕೆಗಳ ಗುಣಾಕಾರ. ಪ್ರಮಾಣಗಳನ್ನು ಅಡ್ಡಸಾಲಿನಲ್ಲೂ ದರಗಳನ್ನು ಕಂಬಸಾಲಿನಲ್ಲೂ ಇಟ್ಟರೆ, ಬಾಬುವಾರು ಗುಣಿಸಿ ಕೂಡಿಸಿದ ಒಂದೇ ಸಂಖ್ಯೆ ದೊರೆಯುತ್ತದೆ: 60,000. ಅದೇ ಬಿಲ್ಲಿನ ಒಟ್ಟು ಮೊತ್ತ. ಎರಡನ್ನೂ ಅಡ್ಡಸಾಲಿನಲ್ಲೇ ಇಟ್ಟರೆ ಅಳತೆ ಹೊಂದುವುದಿಲ್ಲವೆಂದು ಯಂತ್ರ ನಿಲ್ಲುತ್ತದೆ. ಆಕೆಗೆ ಬಂದಿದ್ದ ದೋಷ ಇದೇ.

ಇನ್ನೂ ಅಪಾಯಕಾರಿಯಾದದ್ದು ಮೂರನೆಯ ಬಗೆ. ಪ್ರಮಾಣಗಳು ಕಂಬಸಾಲಿನಲ್ಲಿ, ದರಗಳು ಅಡ್ಡಸಾಲಿನಲ್ಲಿ ಇದ್ದರೆ ಒಂಬತ್ತು ಸಂಖ್ಯೆಗಳ ಕೋಷ್ಟಕ ಬರುತ್ತದೆ. ಅವುಗಳಲ್ಲಿ ಮೂರಕ್ಕೆ ಮಾತ್ರ ಅರ್ಥವಿದೆ. ಅಕ್ಕಿಯ ಚೀಲಗಳನ್ನು ಸಕ್ಕರೆಯ ದರದಿಂದ ಗುಣಿಸಿದಂತಹ ಉಳಿದ ಆರು ಸಂಖ್ಯೆಗಳು ವ್ಯರ್ಥ. ಇಲ್ಲಿ ಯಂತ್ರ ಯಾವ ದೋಷವನ್ನೂ ಸೂಚಿಸುವುದಿಲ್ಲ. ದೋಷ ತೋರಿಸಿ ನಿಂತ ಪ್ರೋಗ್ರಾಂಗಿಂತ, ನಿಲ್ಲದೆ ತಪ್ಪು ಉತ್ತರ ಕೊಟ್ಟ ಪ್ರೋಗ್ರಾಂ ಹೆಚ್ಚು ಹಾನಿಕರ. ತಾಳೆಯಾಗದ ತಾಃಖ್ತೆಯನ್ನು ಹೇಗಾದರೂ ಸರಿಪಡಿಸಬಹುದು. ತಾಳೆಯಾಗಿದ್ದೂ ತಪ್ಪಾಗಿರುವ ತಾಃಖ್ತೆ ಎಷ್ಟು ಕಾಡುತ್ತದೆಂಬುದು ಲೆಕ್ಕ ಬರೆಯುವವರಿಗೆ ಗೊತ್ತು.

ಈ ವಿವರಣೆ ಮುಗಿಯುವಷ್ಟರಲ್ಲಿ ಆ ವಿದ್ಯಾರ್ಥಿನಿ ಒಂದು ಚುಕ್ಕೆ ಸೇರಿಸಿದಳು. ಮೂರು ಮೊತ್ತಗಳು ಪರದೆಯ ಮೇಲೆ ಮೂಡಿದವು. "ಇದನ್ನು ಯಾರೂ ಬಿಲ್ಲಿನಲ್ಲಿ ತೋರಿಸಿರಲಿಲ್ಲ" ಎಂದಳು.

ಎರಡನೆಯ ಪಾಠ: ನಿಲ್ಲದ ಆವರ್ತನೆ

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆಗೆ ಆವರ್ತನೆ ಎನ್ನಬಹುದು. ಎಷ್ಟು ಬಾರಿ ಎಂಬುದು ಮೊದಲೇ ತಿಳಿದಿದ್ದರೆ ಒಂದು ಬಗೆ. ಒಂದು ಷರತ್ತು ನಿಜವಾಗಿರುವವರೆಗೆ ನಡೆಯಬೇಕಾದರೆ ಇನ್ನೊಂದು ಬಗೆ. ಎರಡನೆಯದಕ್ಕೆ ಸಾಲದ ಲೆಕ್ಕಕ್ಕಿಂತ ಉತ್ತಮ ಉದಾಹರಣೆಯಿಲ್ಲವೆಂದು ಭಾವಿಸಿ, ಮುಂದಿನ ಭಾನುವಾರ ಅದನ್ನೇ ಕೊಟ್ಟೆ. ಅಂಕಿಗಳನ್ನು ತಂದೆಯೇ ಹೇಳಲಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೂವರೆ ಲಕ್ಷ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ತಿಂಗಳಿಗೆ ಮೂರು ಸಾವಿರ ಕಟ್ಟುವುದು" ಎಂದರು.

ವಿದ್ಯಾರ್ಥಿನಿ ಕ್ರಮವಿಧಿ ಬರೆದಳು. ಬಾಕಿ ಸೊನ್ನೆಗಿಂತ ಹೆಚ್ಚಿರುವವರೆಗೆ, ಬಾಕಿಗೆ ಶೇಕಡಾ 2 ಬಡ್ಡಿ ಕೂಡಿಸು, ಕಂತನ್ನು ಕಳೆ, ತಿಂಗಳ ಎಣಿಕೆಯನ್ನು ಒಂದು ಹೆಚ್ಚಿಸು. ನಾಲ್ಕೇ ಸಾಲು. ಓಡಿಸಿದಳು. ಉತ್ತರ ಬರಲಿಲ್ಲ. ಯಂತ್ರ ಓಡುತ್ತಲೇ ಇತ್ತು. ತಾನು ಮತ್ತೆ ತಪ್ಪಿದೆನೆಂದು ಆಕೆ ಕಂಗಾಲಾದಳು.

ಕ್ರಮವಿಧಿಯಲ್ಲಿ ತಪ್ಪಿರಲಿಲ್ಲ. 1,50,000ಕ್ಕೆ ಶೇಕಡಾ 2ರಂತೆ ಒಂದು ತಿಂಗಳ ಬಡ್ಡಿಯೇ 3,000. ಕಟ್ಟುವುದೂ 3,000. ಬಾಕಿ ಎಂದೆಂದಿಗೂ 1,50,000ವೇ. ಪ್ರೋಗ್ರಾಂ ನಿಲ್ಲದಿರಲು ಕಾರಣ, ಆ ಸಾಲ ತೀರದಿರುವುದು. ತಂದೆ ನಿಧಾನವಾಗಿ ಹೇಳಿದರು: ಮಗಳ ಪ್ರವೇಶ ಶುಲ್ಕಕ್ಕಾಗಿ ತಂದ ಕೈಸಾಲವದು, 22 ತಿಂಗಳಿಂದ ತಪ್ಪದೆ ಕಟ್ಟುತ್ತಿರುವೆ. ಅಂದರೆ 66,000 ರೂಪಾಯಿ ಸಂದಾಯವಾಗಿದೆ, ಅಸಲಿನಲ್ಲಿ ಒಂದು ರೂಪಾಯಿಯೂ ಇಳಿದಿಲ್ಲ. ಮಗಳಿಗೆ ಈ ಸಂಗತಿ ಆವರೆಗೆ ತಿಳಿದಿರಲಿಲ್ಲ.

ಆ ಕ್ಷಣದ ಮೌನವನ್ನು ಮುರಿಯಲು ನಾನು, "ಕಂತು 5,000 ಎಂದು ಬದಲಿಸು" ಎಂದೆ. ಕೂಡಲೇ ಉತ್ತರ ಬಂತು: 47 ತಿಂಗಳು. ಕೊನೆಯ ತಿಂಗಳು ಕಟ್ಟಬೇಕಾದದ್ದು ಸುಮಾರು 1,366 ರೂಪಾಯಿ ಮಾತ್ರ. ಒಟ್ಟು ಬಡ್ಡಿ ಸುಮಾರು 81,366 ರೂಪಾಯಿ. ಕಂತು 4,000 ಎಂದಾಗ ಸ್ವಾರಸ್ಯಕರ ಉತ್ತರ ದೊರೆಯಿತು. 70 ಕಂತುಗಳ ನಂತರವೂ ಸುಮಾರು 22 ರೂಪಾಯಿ ಉಳಿದು, 71ನೆಯ ತಿಂಗಳಿಗೆ ಹೋಗುತ್ತದೆ.

ಈ 22 ರೂಪಾಯಿ ಪ್ರೋಗ್ರಾಮಿಂಗ್‌ನ ಒಂದು ದೊಡ್ಡ ಪಾಠವನ್ನು ಕಲಿಸುತ್ತದೆ. ಷರತ್ತನ್ನು "ಬಾಕಿ ಸೊನ್ನೆಗಿಂತ ಹೆಚ್ಚಿರುವವರೆಗೆ" ಎನ್ನುವ ಬದಲು "ಬಾಕಿ ಸೊನ್ನೆಗೆ ಸಮವಾಗುವವರೆಗೆ" ಎಂದು ಬರೆದಿದ್ದರೆ? 71ನೆಯ ತಿಂಗಳಲ್ಲಿ ಬಾಕಿ ಸೊನ್ನೆಯನ್ನು ಹಾರಿ ಋಣಸಂಖ್ಯೆಯಾಗುತ್ತದೆ. ಸೊನ್ನೆಯ ಮೇಲೆ ಸರಿಯಾಗಿ ನಿಲ್ಲುವುದೇ ಇಲ್ಲ. ಆವರ್ತನೆ ಪುನಃ ನಿಲ್ಲದು. ನಿಲ್ಲುವ ಷರತ್ತನ್ನು ಬರೆಯುವಾಗ "ಸಮ" ಎಂಬ ಪದದ ಬಗ್ಗೆ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು.

ಮೂರನೆಯ ಪಾಠ: ಪೈಸೆಯ ಲೆಕ್ಕ

ಸಮತ್ವದ ಬಗ್ಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಈ ಯಾವುದೇ ತಂತ್ರಾಂಶದಲ್ಲಿ 0.1 ಮತ್ತು 0.2 ಕೂಡಿಸಿ, ಅದು 0.3ಕ್ಕೆ ಸಮವೇ ಎಂದು ಕೇಳಿದರೆ "ಅಲ್ಲ" ಎಂಬ ಉತ್ತರ ಬರುತ್ತದೆ. ಮೊದಲ ಬಾರಿ ಇದನ್ನು ಕಂಡಾಗ ನಾನೇ ದಿಗ್ಭ್ರಮೆಗೊಂಡೆ. ಕಾರಣ ಸರಳ. ಯಂತ್ರ ಲೆಕ್ಕ ಮಾಡುವುದು ಎರಡರ ಆಧಾರದ ಪದ್ಧತಿಯಲ್ಲಿ. ನಮ್ಮ ದಶಮಾಂಶ ಪದ್ಧತಿಯಲ್ಲಿ ಒಂದನ್ನು ಮೂರರಿಂದ ಭಾಗಿಸಿದರೆ 0.333 ಎಂದು ಕೊನೆಯಿಲ್ಲದೆ ಸಾಗುವಂತೆ, ಅದರ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗ ಕೊನೆಯಿಲ್ಲದೆ ಸಾಗುತ್ತದೆ. ಎಲ್ಲಿಯೋ ಒಂದು ಕಡೆ ಕತ್ತರಿಸಲೇಬೇಕು. ಆ ಅತಿ ಸಣ್ಣ ವ್ಯತ್ಯಾಸ ಉಳಿದುಬಿಡುತ್ತದೆ. ಆದ್ದರಿಂದ ಎರಡು ದಶಮಾಂಶ ಸಂಖ್ಯೆಗಳು ಸಮವೇ ಎಂದು ಕೇಳದೆ, ಅವುಗಳ ವ್ಯತ್ಯಾಸ ನಿಗದಿತ ಮಿತಿಗಿಂತ ಕಡಿಮೆಯೇ ಎಂದು ಕೇಳಬೇಕು.

ಕತ್ತರಿಸುವಿಕೆಯಿಂದ ಆಗುವ ನಷ್ಟಕ್ಕೆ ವಾಣಿಜ್ಯ ಲೋಕದಲ್ಲೇ ಪ್ರಸಿದ್ಧ ನಿದರ್ಶನವಿದೆ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ 1,000 ಅಂಶಗಳಿಂದ ಹೊಸ ಸೂಚ್ಯಂಕವನ್ನು ಆರಂಭಿಸಿತು. ಪ್ರತಿ ವ್ಯವಹಾರದ ನಂತರ ಸೂಚ್ಯಂಕವನ್ನು ಮರುಲೆಕ್ಕ ಮಾಡುವಾಗ ಮೂರು ದಶಮಾಂಶ ಸ್ಥಾನಗಳ ನಂತರದ ಭಾಗವನ್ನು ಹತ್ತಿರದ ಅಂಕಿಗೆ ಹೊಂದಿಸದೆ ಸುಮ್ಮನೆ ಕತ್ತರಿಸಲಾಗುತ್ತಿತ್ತು. ದಿನಕ್ಕೆ ಸಾವಿರಾರು ಬಾರಿ ಹೀಗೆ ನಡೆದು, 1983ರ ನವೆಂಬರ್ ವೇಳೆಗೆ ಸೂಚ್ಯಂಕ 520ರ ಆಸುಪಾಸಿಗೆ ಇಳಿದಿತ್ತು. ಸರಿಪಡಿಸಿದಾಗ ಬಂದದ್ದು ಸುಮಾರು 1,098. ಪೇಟೆ ಕುಸಿದಿರಲಿಲ್ಲ, ಲೆಕ್ಕ ಕುಸಿದಿತ್ತು.

ಕಲಿಯುವ ಕ್ರಮ

ನಮ್ಮ ಅನುಭವದಿಂದ ವಿದ್ಯಾರ್ಥಿಗಳಿಗೆ ಈ ಕ್ರಮವನ್ನು ಸೂಚಿಸಬಯಸುತ್ತೇನೆ.

1. ಮೊದಲ ವಾರ ತಂತ್ರಾಂಶವನ್ನು ಕೇವಲ ಕ್ಯಾಲ್ಕುಲೇಟರ್‌ನಂತೆ ಬಳಸಬೇಕು. ಸಂಖ್ಯೆಗಳಿಗೆ ಹೆಸರು ಕೊಡುವುದನ್ನು ರೂಢಿಸಿಕೊಳ್ಳಬೇಕು. ಹೆಸರು ಖಾತೆಯ ಶೀರ್ಷಿಕೆಯಂತೆ ಅರ್ಥಪೂರ್ಣವಾಗಿರಲಿ.

2. ನಂತರ ಸಾಲುಗಳು ಮತ್ತು ಮಾತೃಕೆಗಳು. ಪ್ರತಿ ಲೆಕ್ಕಕ್ಕೂ ಮೊದಲು ಎಷ್ಟು ಅಡ್ಡಸಾಲು, ಎಷ್ಟು ಕಂಬಸಾಲು ಎಂಬುದನ್ನು ಕೈಯಲ್ಲಿ ಬರೆದಿಟ್ಟುಕೊಳ್ಳಬೇಕು. ಸಿ ಭಾಷೆ ಕಲಿತು ಬಂದವರು, ಇಲ್ಲಿ ಎಣಿಕೆ ಸೊನ್ನೆಯಿಂದಲ್ಲ, ಒಂದರಿಂದ ಆರಂಭವಾಗುತ್ತದೆಂಬುದನ್ನು ಮರೆಯಬಾರದು.

3. ಆಜ್ಞೆಗಳನ್ನು ಒಂದೊಂದಾಗಿ ಕೊಡುವುದನ್ನು ಬಿಟ್ಟು ಕಡತದಲ್ಲಿ ಬರೆದು ಓಡಿಸುವುದು ಮೂರನೆಯ ಹಂತ. ಪ್ರತಿ ಭಾಗಕ್ಕೂ ಟಿಪ್ಪಣಿ ಇರಲಿ. ವಿವರಣೆಯಿಲ್ಲದ ರೋಜುನಾಮೆ ನಮೂದು ಹೇಗೆ ಅಪೂರ್ಣವೋ, ಟಿಪ್ಪಣಿಯಿಲ್ಲದ ಪ್ರೋಗ್ರಾಂ ಕೂಡ ಹಾಗೆಯೇ.

4. ಷರತ್ತು ಮತ್ತು ಆವರ್ತನೆ. ಓಡಿಸುವ ಮೊದಲು ಮೊದಲ ಮೂರು ಸುತ್ತುಗಳನ್ನು ಕಾಗದದ ಮೇಲೆ ಮಾಡಿ ನೋಡಬೇಕು.

5. ಪದೇಪದೇ ಬೇಕಾಗುವ ಲೆಕ್ಕವನ್ನು ಪ್ರತ್ಯೇಕ ಫಂಕ್ಷನ್ ಆಗಿ ಬರೆಯುವುದು. ಬಡ್ಡಿಯ ಲೆಕ್ಕಕ್ಕೆ ಒಂದು ಫಂಕ್ಷನ್ ಇದ್ದರೆ ದರ ಬದಲಾದಾಗ ಒಂದೇ ಕಡೆ ತಿದ್ದಿದರೆ ಸಾಕು.

6. ಕೊನೆಯಲ್ಲಿ ನಕ್ಷೆ. ಉತ್ತರವನ್ನು ರೇಖಾಚಿತ್ರವಾಗಿ ನೋಡಿದಾಗ ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ.

ಎಕ್ಸೆಲ್ ಇರುವಾಗ ಇದೆಲ್ಲ ಏಕೆ ಎಂದು ಕೆಲವು ಸದಸ್ಯರು ಕೇಳಬಹುದು. ಎಕ್ಸೆಲ್ ಹಾಳೆಯಲ್ಲಿ ಸೂತ್ರಗಳು ಕೋಶಗಳೊಳಗೆ ಅಡಗಿರುತ್ತವೆ. ಹಿಂದೊಮ್ಮೆ ದಾಸ್ತಾನು ಪಟ್ಟಿಯೊಂದರಲ್ಲಿ ನನ್ನ ಮೊತ್ತದ ಸೂತ್ರ ಕೊನೆಯ ಸಾಲನ್ನು ಬಿಟ್ಟಿತ್ತು. ಬ್ಯಾಂಕಿನವರು ಕೇಳುವವರೆಗೆ ನನಗೆ ತಿಳಿಯಲಿಲ್ಲ. ಪ್ರೋಗ್ರಾಂನಲ್ಲಿ ಪ್ರತಿ ಹೆಜ್ಜೆಯೂ ಮೇಲಿನಿಂದ ಕೆಳಗೆ ಓದಬಹುದಾದಂತೆ ಬರಹದಲ್ಲಿರುತ್ತದೆ. ಅದನ್ನು ಪರಿಶೋಧನೆಗೆ ಒಳಪಡಿಸಬಹುದು.

ಖರ್ಚು ಮತ್ತು ಕಾನೂನು

ಮ್ಯಾಟ್‌ಲ್ಯಾಬ್‌ಗೆ ಪರವಾನಗಿ ಬೇಕು. ಕಾಲೇಜಿನ ಪರವಾನಗಿ ಇದ್ದರೆ ವಿದ್ಯಾರ್ಥಿಗಳು ಅದನ್ನೇ ಬಳಸಲಿ. ಇಲ್ಲದವರು ಕಳ್ಳಪ್ರತಿಯ ಮೊರೆಹೋಗುವುದನ್ನು ಕಂಡಿದ್ದೇನೆ. ತಂತ್ರಾಂಶದ ಕಳ್ಳಪ್ರತಿಯನ್ನು ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಪ್ರಕರಣದಂತೆ ಅಪರಾಧ. ಕನಿಷ್ಠ 7 ದಿನಗಳಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಆಕ್ಟೇವ್ ಮತ್ತು ಸೈಲ್ಯಾಬ್ ಉಚಿತವಾಗಿ ದೊರೆಯುತ್ತಿರುವಾಗ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವಿಲ್ಲ.

ಕಲಿಕೆಗೂ ಉಚಿತ ಸೌಲಭ್ಯವಿದೆ. ಮುಂಬೈನ ಐಐಟಿ ಆರಂಭಿಸಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸೈಲ್ಯಾಬ್ ಸೇರಿದಂತೆ ಅನೇಕ ಮುಕ್ತ ತಂತ್ರಾಂಶಗಳ ದೃಶ್ಯಪಾಠಗಳಿವೆ. ಭಾರತೀಯ ಭಾಷೆಗಳಲ್ಲಿ ಧ್ವನಿ ನೀಡಿರುವ ಈ ಯೋಜನೆಯಲ್ಲಿ ಕನ್ನಡವೂ ಇದೆ. ಒಮ್ಮೆ ಇಳಿಸಿಕೊಂಡರೆ ಅಂತರಜಾಲ ಇಲ್ಲದೆಯೂ ನೋಡಬಹುದಾದ್ದರಿಂದ ಹಳ್ಳಿಯ ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತ. ಅಲ್ಲಿಯ ಫಾಸ್ಸೀ ಯೋಜನೆಯಡಿ, ಪಠ್ಯಪುಸ್ತಕಗಳ ಬಿಡಿಸಿದ ಲೆಕ್ಕಗಳನ್ನು ವಿದ್ಯಾರ್ಥಿಗಳು ಸೈಲ್ಯಾಬ್‌ನಲ್ಲಿ ಬರೆದುಕೊಡುವ ಕಾರ್ಯವೂ ನಡೆದಿದೆ.

ನಮ್ಮ ಮಾರುಕಟ್ಟೆಗೂ ಇದು ಬೇಕು

ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ದೊಡ್ಡ ಮಾರುಕಟ್ಟೆಯಿದೆ. ಆ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ರಾಣೆಬೆನ್ನೂರಿನಲ್ಲಿ ಬೀಜೋದ್ಯಮವಿದೆ. ಹಾನಗಲ್ಲ ಸೀಮೆಯಲ್ಲಿ ಭತ್ತ ಮತ್ತು ಮಾವು ಇವೆ. ಇವೆಲ್ಲದರ ಆವಕ, ದರ, ದಾಸ್ತಾನು ಸಂಖ್ಯೆಗಳೇ. ಸಣ್ಣ ಉದಾಹರಣೆ ನೋಡಿ. ಮೊದಲ ದಿನ 100 ಕ್ವಿಂಟಲ್ 20,000ದಂತೆ, ಎರಡನೆಯ ದಿನ 400 ಕ್ವಿಂಟಲ್ 16,000ದಂತೆ, ಮೂರನೆಯ ದಿನ 500 ಕ್ವಿಂಟಲ್ 14,000ದಂತೆ ಮಾರಾಟವಾಯಿತೆಂದುಕೊಳ್ಳೋಣ. ಮೂರು ದರಗಳ ಸರಳ ಸರಾಸರಿ ಸುಮಾರು 16,667. ಆದರೆ ಮಾಲಿನ ಪ್ರಮಾಣವನ್ನು ಪರಿಗಣಿಸಿದ ಸರಾಸರಿ 15,400. ಮೊದಲನೆಯದನ್ನು ನಂಬಿ ವ್ಯವಹರಿಸಿದವನಿಗೆ ಕ್ವಿಂಟಲಿಗೆ 1,267 ರೂಪಾಯಿಯ ಭ್ರಮೆ. ಮೊದಲ ಪಾಠದ ಅಡ್ಡಸಾಲು-ಕಂಬಸಾಲು ಗುಣಾಕಾರವೇ ಇಲ್ಲಿಯೂ ಉತ್ತರ ಕೊಡುತ್ತದೆ.

ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಕೊಡುವ ಲೆಕ್ಕಗಳು ಬಹುತೇಕ ಊರಿಲ್ಲದ, ಹೆಸರಿಲ್ಲದ ಲೆಕ್ಕಗಳು. ನಮ್ಮ ಸದಸ್ಯರು ತಮ್ಮ ಅಂಗಡಿ, ಗಿರಣಿ, ಗೋದಾಮುಗಳ ನಿಜವಾದ ಲೆಕ್ಕಗಳನ್ನು, ಗೌಪ್ಯತೆಗೆ ಧಕ್ಕೆ ಬಾರದಂತೆ, ಈ ಮಕ್ಕಳಿಗೆ ಅಭ್ಯಾಸಕ್ಕಾಗಿ ಕೊಡಬಹುದು. ರಜೆಯಲ್ಲಿ ಒಂದು ಕೋಣೆ, ಎರಡು ಹಳೆಯ ಕಂಪ್ಯೂಟರ್ ಒದಗಿಸಿದರೂ ಸಾಕು. ಇದರಲ್ಲಿ ದಾನದ ಮಾತಿಲ್ಲ, ಉಭಯತರ ಲಾಭವಿದೆ.

ಆಡೂರು ಹಳೆಯ ಊರು. ಬಾದಾಮಿ ಚಾಲುಕ್ಯರ ಕಾಲದಲ್ಲಿ ಜಿನಾಲಯಕ್ಕೆ ಭೂಮಿ ಬಿಟ್ಟ ದಾಖಲೆ ಅಲ್ಲಿಯ ಶಾಸನದಲ್ಲಿದೆ. ಕೊಟ್ಟದ್ದನ್ನು ಅಳತೆಯಿಟ್ಟು ಬರೆದಿಡುವ ಪದ್ಧತಿ ಆ ಊರಿಗೆ ಹೊಸದಲ್ಲ. ಆ ಊರಿನ ಮಗಳು ಮುಂದಿನ ಪರೀಕ್ಷೆಯಲ್ಲಿ ಆ ವಿಷಯದಲ್ಲಿ ಉತ್ತೀರ್ಣಳಾದಳು. ಅಂಕಗಳು ಹೇಳಿಕೊಳ್ಳುವಷ್ಟು ಹೆಚ್ಚಲ್ಲ. ಆದರೆ ಕಾಲೇಜು ಬಿಡುವ ಮಾತು ನಿಂತಿದೆ.

ತಂದೆಯ ಕೈಸಾಲದ ವಿಚಾರವಾಗಿ ಒಂದು ಮಾತು. ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುವಂತಿಲ್ಲ. ಇದನ್ನು ಅರಿಯದೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೈಚಾಚುವ ಪೋಷಕರು ನಮ್ಮ ನಡುವೆ ಇನ್ನೂ ಇದ್ದಾರೆ. ಆ ವ್ಯಾಪಾರಿ ಮಿತ್ರರು ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕಿಗೆ ಅರ್ಜಿ ಹಾಕಿ, ಕೈಗೆ ಉಳಿದ ಹಣದಿಂದ ಕೈಸಾಲದ ಕಂತನ್ನು ತಿಂಗಳಿಗೆ 5,000ಕ್ಕೆ ಏರಿಸಿದ್ದಾರೆ. ಮಗಳು ಬರೆದ ನಾಲ್ಕು ಸಾಲಿನ ಪ್ರೋಗ್ರಾಂ ತಯಾರಿಸಿದ 47 ತಿಂಗಳ ಪಟ್ಟಿಯನ್ನು ಮುದ್ರಿಸಿ ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಕಳೆದ ಬಾರಿ ಭೇಟಿಯಾದಾಗ ಅದರಲ್ಲಿ ಒಂಬತ್ತು ಸಾಲುಗಳಿಗೆ ಗೆರೆ ಎಳೆದಿದ್ದರು.